ಸಾವಿರ ಸಿ.ಡಿ.ಗಳ ಮಂಚ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಚಿಕ್ಕಂದಿನಿಂದಲೂ ಅವನು ಸಾವಿರಪ್ಪ. ಒಂದು ಇರುವೆ ಕಚ್ಚಿದರೆ ಸಾವಿರ ಇರುವೆ ಕಚ್ಚಿದವು ಎಂದು ಬೀದಿಗೆಲ್ಲ ಕೇಳುವಂತೆ ಅತ್ತವನು. ಶಾಲೆಗೆ ಯಾಕೋ ತಡ ಎಂದರೆ ದಾರಿಯಲ್ಲಿ ಸಾವಿರ ಕುರಿ ಅಡ್ಡ ಬಂದವು ಎಂದವನು. ದೊಡ್ಡವನಾಗಿ ಪಿಟೀಲು ಹಿಡಿದ ಮೇಲೂ ಅವನ ಲೆಕ್ಕ ಬದಲಾಗಲಿಲ್ಲ. ನಲವತ್ತು ಜನ ಕೂತ ಸಭೆಯಿಂದ ಬಂದು ಸಾವಿರ ಜನ ಎನ್ನುತ್ತಿದ್ದ. ಅದೇ ಸಭೆಯಲ್ಲಿ ಅವನ ಪಕ್ಕದಲ್ಲೇ ಕೂತು ಹಾಡಿದ್ದ ಹೆಂಡತಿ, "ಕುರ್ಚಿಗಳನ್ನೂ ಸೇರಿಸಿಕೊಂಡಾ?" ಎಂದು ಕೇಳುತ್ತಿದ್ದಳು.

ಪಿಟೀಲಿನ ವಿಷಯಕ್ಕೆ ಬಂದರೆ ಮಾತ್ರ ಬಣ್ಣ ಕಟ್ಟುವ ಅಗತ್ಯವೇ ಇರಲಿಲ್ಲ. ಅವನು ಕಮಾನು ಎಳೆದರೆ ಬೀದಿಯ ನಲ್ಲಿಗಳೆಲ್ಲ ತೊಟ್ಟಿಕ್ಕುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದವು. ಒಂದು ಬೆಳಿಗ್ಗೆ ಹೆಂಡತಿ ಮೇಲಿನ ಸ್ವರ ಹಿಡಿದಾಗ ಹಲ್ಲುಜ್ಜುತ್ತಿದ್ದ ಎದುರುಮನೆಯ ವಕೀಲರು ಹಾಡು ಮುಗಿಯುವವರೆಗೂ ಬಾಯಿತುಂಬ ನೊರೆ ಇಟ್ಟುಕೊಂಡು ಕಿಟಕಿಯಲ್ಲಿ ನಿಂತೇ ಇದ್ದರು. ಆ ದಿನ ಅವರು ಕೋರ್ಟಿಗೆ ತಡವಾಗಿ ಹೋಗಿ ಕೇಸು ಸೋತರು. ಸುಳ್ಳೆನ್ನುವವರು ಅವರ ಕಕ್ಷಿದಾರನನ್ನೇ ಕೇಳಬಹುದು.

ಇಂಥ ಸಂಗೀತ ಗಾಳಿಗೆ ಹೋಗಬಾರದೆಂದು ಗಂಡಹೆಂಡಿರು ಸೇರಿ ಒಂದು ಸಿ.ಡಿ. ಮಾಡಿಸಲು ಹೊರಟರು. ಯಾವ ಕಂಪನಿಯೂ ಇಲ್ಲ, ಯಾವ ಧಣಿಯೂ ಇಲ್ಲ. ಅವನು ಮಕ್ಕಳಿಗೆ ಪಾಠ ಹೇಳಿ ಉಳಿಸಿದ್ದು, ಅವಳು ಕನ್ನಡಕದ ಅಂಗಡಿಯಲ್ಲಿ ಲೆಕ್ಕ ಬರೆದು ಉಳಿಸಿದ್ದು, ಅಷ್ಟೇ. ಸ್ಟುಡಿಯೋದವನು ಅರ್ಧ ನುಂಗಿದ. ಉಳಿದ ಅರ್ಧ ಹಿಡಿದುಕೊಂಡು ಸಿ.ಡಿ. ಅಚ್ಚು ಹಾಕುವವನ ಹತ್ತಿರ ಹೋದರು.

"ಮುನ್ನೂರು ಸಾಕು," ಎಂದಳು ಹೆಂಡತಿ.

ಅಚ್ಚಿನವನು ಕುರ್ಚಿ ಮುಂದೆ ಎಳೆದುಕೊಂಡ. "ನೋಡಿ ತಾಯಿ, ಖರ್ಚಿರೋದು ಅಚ್ಚು ತಯಾರಿಸೋದ್ರಲ್ಲಿ. ಮುನ್ನೂರು ಹೊಡೆದ್ರೂ ಅದೇ ಅಚ್ಚು, ಸಾವಿರ ಹೊಡೆದ್ರೂ ಅದೇ ಅಚ್ಚು. ಆಮೇಲಿಂದು ಒಂದೊಂದೂ ಅಂಗಿ ಗುಂಡಿ ಬೆಲೆಗೆ ಬೀಳುತ್ತೆ. ಇನ್ನೊಂಚೂರು ಸೇರಿಸಿದ್ರೆ ಸಾವಿರ..."

ಅವನು ಆ ಶಬ್ದ ಆಡಬಾರದಿತ್ತು. ಸಾವಿರಪ್ಪನ ಮುಖ ದೀಪ ಹಚ್ಚಿದಂತಾಯಿತು. ಹೆಂಡತಿ ಅವನ ತೋಳು ಹಿಡಿಯುವಷ್ಟರಲ್ಲಿ ಸಹಿ ಬಿದ್ದಿತ್ತು.

ಹೀಗೆ ಇಪ್ಪತ್ತು ರಟ್ಟಿನ ಪೆಟ್ಟಿಗೆಗಳು, ಒಂದೊಂದರಲ್ಲೂ ಐವತ್ತೈವತ್ತು ಸಿ.ಡಿ. ತುಂಬಿಕೊಂಡು, ಎರಡು ಕೋಣೆಯ ಆ ಮನೆಗೆ ಬಂದಿಳಿದವು. ಅವು ಹೊಕ್ಕ ಮೇಲೆ ಗಾಳಿಗೂ ಒಳಗೆ ಬರಲು ಅಡ್ಡಡ್ಡ ತಿರುಗಬೇಕಾಯಿತು.

ಮಾರುವುದಕ್ಕೆ ಸಾವಿರಪ್ಪ ಪಟ್ಟ ಪಾಡು ಒಂದೆರಡಲ್ಲ. ಪೇಟೆಯ ಕ್ಯಾಸೆಟ್ ಅಂಗಡಿಗೆ ಇಪ್ಪತ್ತು ಕೊಟ್ಟುಬಂದ. ಮಾರಿದರೆ ದುಡ್ಡು, ಇಲ್ಲದಿದ್ದರೆ ಮಾಲು ವಾಪಸ್ ಎಂಬ ಕರಾರು. ಮೂರು ತಿಂಗಳು ಬಿಟ್ಟು ಹೋದರೆ ಅಂಗಡಿಯವನು ಇಪ್ಪತ್ತೊಂದು ವಾಪಸ್ ಕೊಟ್ಟ. ಬೇರೆ ಯಾವನದೋ ಒಂದನ್ನು ಇವನ ತಲೆಗೆ ಕಟ್ಟಿದ್ದ.

ಸಂಗೀತ ಕಚೇರಿ ಮುಗಿದ ಮೇಲೆ ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಕೂರುವುದೊಂದೇ ಉಳಿದ ದಾರಿ. ಚಪ್ಪಾಳೆ ಹೊಡೆದ ಅಂಗೈ ಬಿಸಿ ಆರುವುದರೊಳಗೆ ಮಾರಬೇಕು. ಜನ ಚಪ್ಪಲಿ ಮೆಟ್ಟಿಕೊಂಡರೆ ಮುಗಿಯಿತು, ಅವರಿಗೆ ಬಸ್ಸಿನದೇ ಚಿಂತೆ. ಆದರೆ ಬೆಟ್ಟ ಅಲುಗಿಸುವಂಥ ಮಾತಾಡುವ ಸಾವಿರಪ್ಪನಿಗೆ ಒಂದೇ ಒಂದು ಮಾತು ಬಾಯಿಗೆ ಬರುತ್ತಿರಲಿಲ್ಲ: ಬೆಲೆ. ಯಾರಾದರೂ ಸಿ.ಡಿ. ಎತ್ತಿ ತಿರುಗಿಸಿ "ಎಷ್ಟು?" ಎಂದರೆ ಸಾಕು, ಕಿವಿ ಕೆಂಪಾಗಿ, "ಅಯ್ಯೋ, ನಿಮ್ಮಿಂದ ದುಡ್ಡು ತಗೊಳ್ಳೋದಾ, ಇಟ್ಕೊಳ್ಳಿ ಇಟ್ಕೊಳ್ಳಿ" ಎಂದುಬಿಡುತ್ತಿದ್ದ. ಒಂದು ಸಲ ದೀಪ ಆರಿಸಲು ಬಂದ ವಾಚ್‌ಮನ್‌ಗೆ ನಾಲ್ಕು ಕೊಟ್ಟು ಬಂದ.

ಕೊನೆಗೆ ಹೆಂಡತಿ ಕೂಗಾಡದೆ ಕಡ್ಡಿ ಮುರಿದಂತೆ ಹೇಳಿದಳು. "ಇವು ಪೂರ್ತಿ ಮನೆಯಿಂದ ಹೊರಗೆ ಹೋಗೋವರೆಗೂ ಎರಡನೇ ಸಿ.ಡಿ. ಮಾತು ಎತ್ತಬೇಡಿ. ಬಿಟ್ಟಿ ಹೋಗೋದಲ್ಲ, ದುಡ್ಡಾಗಿ ವಾಪಸ್ ಬರಬೇಕು. ನನಗೇನು ಆಸೆ ಇಲ್ವಾ? ಹಾಡೋಳು ನಾನು."

ಎರಡನೆಯದರ ಹಾಡುಗಳು ಆಗಲೇ ಸಿದ್ಧವಿದ್ದವು. ಮೊದಲನೆಯದು ಅವುಗಳ ಮುಂದೆ ಬರೀ ಶ್ರುತಿ ಮಾಡಿದ ಹಾಗೆ. ಆ ಹಾಡುಗಳು ಸಾವಿರಪ್ಪನ ಬೆರಳುಗಳಲ್ಲಿ ತುರಿಸುತ್ತಿದ್ದವು. ಅವನು ಊಟ ಮಾಡುತ್ತಲೇ ತಟ್ಟೆಯ ಅಂಚಿನ ಮೇಲೆ ಅವನ್ನು ನುಡಿಸುತ್ತಿದ್ದ.

ಇಷ್ಟರಲ್ಲಿ ಅತ್ತೆ ಬಂದರು. ಹೆಂಡತಿಯ ತಾಯಿ. ತಮ್ಮ ಮನೆಯ ನೆಲ ಕಿತ್ತು ಹಾಕಿಸುತ್ತಿದ್ದರು, ಒಂದು ವಾರದ ಮಟ್ಟಿಗೆ ಎಂದು ಬಂದವರು. ಗಾರೆಯವನು ಆ ನೆಲವನ್ನು ಇವತ್ತಿಗೂ ಹಾಕುತ್ತಲೇ ಇದ್ದಾನೆ. ಅವರಿಗೆ ಸೊಂಟ ನೋವು, ನೆಲದ ಮೇಲೆ ಮಲಗುವಂತಿಲ್ಲ. ಮನೆಯಲ್ಲಿ ಇದ್ದ ಮಂಚ ಒಂದೇ. ಸಾವಿರಪ್ಪ ಒಂದು ನಿಮಿಷ ಯೋಚಿಸಿ, ಎದುರುಮನೆಯ ವಕೀಲರು ಎಸೆದಿದ್ದ ಹಳೆಯ ಬಾಗಿಲೊಂದನ್ನು ಹೊತ್ತು ತಂದ. ಪೆಟ್ಟಿಗೆಗಳನ್ನು ಹತ್ತು ಕೆಳಗೆ, ಹತ್ತು ಮೇಲೆ ಜೋಡಿಸಿ, ಬಾಗಿಲನ್ನು ಅದರ ಮೇಲೆ ಮಲಗಿಸಿ, ಹಾಸಿಗೆ ಹಾಸಿದ.

"ಮಹಾರಾಣಿಯರೂ ಇಂಥದ್ರ ಮೇಲೆ ಮಲಗಿಲ್ಲ ಅತ್ತೆ. ಸಾವಿರ ವರ್ಷ ಬಾಳಿಕೆ ಬರುತ್ತೆ."

"ಚಿಲಕ ಚುಚ್ಚುತ್ತೆ, ಅಳಿಯಂದಿರೇ."

"ನಾಳೆ ತೆಗೀತೀನಿ."

ಚಿಲಕ ಹಾಗೇ ಉಳಿಯಿತು. ಆದರೆ ಮಾರನೇ ಬೆಳಿಗ್ಗೆ ಅತ್ತೆ ಎದ್ದವರು ಸೊಂಟದ ಮೇಲೆ ಕೈಯಿಟ್ಟು ಹಿಂದೆ ಬಾಗಿದರು, ಮುಂದೆ ಬಾಗಿದರು, ಬಗ್ಗಿ ಕಾಲ್ಬೆರಳು ಮುಟ್ಟಿದರು. ಹನ್ನೊಂದು ಡಾಕ್ಟರುಗಳು ಕೈಬಿಟ್ಟ ಸೊಂಟ! ಅಂದಿನಿಂದ ಆ ಮಂಚ ಬಿಟ್ಟು ಅವರು ಬೇರೆಡೆ ತಲೆಯಿಡಲಿಲ್ಲ. ಮೇಲೆ ಕೂತು ಕಾಲು ಇಳಿಬಿಟ್ಟುಕೊಂಡು ಮನೆಯನ್ನೆಲ್ಲ ಆಳಿದರು.

ಮುಂದಿನ ಕಚೇರಿಯ ದಿನ ಸಾವಿರಪ್ಪ ಮೂಲೆಯಿಂದ ಒಂದು ಪೆಟ್ಟಿಗೆ ಮೆಲ್ಲಗೆ ಎಳೆಯುತ್ತಿದ್ದಾಗ ಮೇಲಿನಿಂದ ದನಿ ಬಂತು.

"ಎಲ್ಲಿಗೆ ಒಯ್ತಿದ್ದೀರಿ ನನ್ನ ಎಡಗಾಲನ್ನ?"

"ಮಾರೋಕೆ, ಅತ್ತೆ."

"ಹೌದಾ. ಹಾಗಿದ್ರೆ ನಾನೂ ಬರ್ತೀನಿ. ಯಾರಿಗೆ ಕೊಡ್ತೀರೋ ನೋಡ್ಬೇಕು."

ಮಗಳು ಬೇಡವೆಂದಳು, ಅಳಿಯ ಸಾವಿರ ಕಾರಣ ಕೊಟ್ಟ. ಅತ್ತೆ ಸೀರೆ ಬದಲಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಗ್ರಂಥಾಲಯದ ಹಿಂದಿನ ಹಾಲ್. ಹಾಡು ಮುಗಿಯಿತು, ಜನ ಎದ್ದರು. ಮೇಜಿನ ಹಿಂದೆ ಅತ್ತೆ ಕೂತಿದ್ದರು, ಪೆಟ್ಟಿಗೆಯನ್ನು ತೊಡೆಯ ಮೇಲೆ ಮಗುವಿನಂತೆ ತಬ್ಬಿಕೊಂಡು. ಕನ್ನಡಕದ ಹೆಂಗಸೊಬ್ಬಳು ಮೊದಲು ಬಂದಳು.

"ಒಂದು ಕೊಡ್ತೀರಾ?"

"ಮನೇಲಿ ಹಾಕೋಕೆ ಮೆಷಿನ್ ಇದೆಯಾ?"

"ಅದು... ಕಾರಲ್ಲಿ ಇದೆ ಅನ್ಸುತ್ತೆ."

"ಅನ್ಸಿದ್ರೆ ಸಾಲದು. ಹೋಗಿ ನೋಡ್ಕೊಂಡು ಬನ್ನಿ. ಸುಮ್ಮನೆ ಯಾಕೆ ತಗೊಂಡು ದುಡ್ಡು ಹಾಳು ಮಾಡ್ತೀರಿ? ಐದನೇ ಹಾಡಲ್ಲಿ ಪಿಟೀಲು ಬೇರೆ ಅವಸರ ಮಾಡಿಕೊಂಡು ಮುಂದೆ ಓಡುತ್ತೆ. ದಿನಾ ಕೇಳಿದೋಳು ಹೇಳ್ತಿದ್ದೀನಿ."

ಪಕ್ಕದಲ್ಲಿ ನಿಂತಿದ್ದ ಸಾವಿರಪ್ಪನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆದರೆ ಆ ಹೆಂಗಸು ಹೋಗಲಿಲ್ಲ. "ಮೆಷಿನ್ ಇಲ್ದಿದ್ರೆ ಕೊಂಡ್ಕೋತೀನಿ, ನಿಮಗೇನು? ಐದನೇ ಹಾಡು ನಾನೇ ಕೇಳಿ ನೋಡ್ತೀನಿ. ಎಷ್ಟು ಹೇಳಿ," ಎಂದಳು.

ಅತ್ತೆ ಬೆಲೆ ಹೇಳಿದರು. ಗಂಟೆ ಹೊಡೆದ ಹಾಗೆ, ತಡವರಿಸದೆ. ಒಂದು ಸಿನಿಮಾ ಟಿಕೇಟಿನಷ್ಟು. ಹೆಂಗಸು ಕೊಟ್ಟಳು. ಹಿಂದಿದ್ದವರು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಕೊಡುವುದಿಲ್ಲ ಎನ್ನುವ ಮಾಲಿನಲ್ಲಿ ಏನೋ ಇದೆ ಎಂದು ಅವರಿಗೂ ಹಟ ಹತ್ತಿತು. ಸಾಲು ಬಾಗಿಲು ದಾಟಿ, ಮೆಟ್ಟಿಲು ಇಳಿದು, ರಸ್ತೆಗೆ ಬಂದು, ಬಸ್ ನಿಲ್ಲಿಸಿತು. ಸಾವಿರಪ್ಪನ ದೊಡ್ಡಪ್ಪನ ಮಗನೂ ಆ ಸಾಲಿನಲ್ಲಿದ್ದ.

"ಅತ್ತೆ, ನಮಗೂ ದುಡ್ಡಾ? ನಾವು ಮನೆಯೋರಲ್ವಾ?"

"ನಿನ್ನ ಮಂಚದ ಕಾಲನ್ನ ಯಾರಾದ್ರೂ ಬಿಟ್ಟಿ ಕೇಳಿದ್ರೆ ಮುರಿದು ಕೊಡ್ತೀಯೇನಪ್ಪಾ?"

ಅವನು ಎರಡು ಕೊಂಡ.

ಹೀಗೆ ಶುರುವಾಗಿದ್ದು ನಿಲ್ಲಲಿಲ್ಲ. ಅತ್ತೆ ಪ್ರತಿ ಕಚೇರಿಗೂ ಬಂದರು, ಪ್ರತಿಯೊಬ್ಬರಿಗೂ ಬೇಡ ಎಂದರು, ಪ್ರತಿಯೊಬ್ಬರೂ ಕೊಂಡರು. ಐದನೇ ಹಾಡಿನ ಅವಸರ ಕೇಳಲೆಂದೇ ಪಕ್ಕದ ಊರಿನಿಂದ ಜನ ಬರತೊಡಗಿದರು. ಮನೆಯಲ್ಲಿ ಮಂಚ ಇಳಿಯುತ್ತಾ ಬಂತು. ಮೊದಲು ಮೇಲಿನ ಸಾಲು ಹೋಯಿತು. ಕಾಲು ಇಳಿಬಿಟ್ಟು ಕೂರುತ್ತಿದ್ದ ಅತ್ತೆ ಈಗ ಮೊಣಕಾಲು ಮಡಚಿ ಕೂತರು. ಆಮೇಲೆ ಕೆಳಗಿನ ಸಾಲಿಗೂ ಕೈ ಬಿತ್ತು. ಬಾಗಿಲು ಓಲಾಡತೊಡಗಿತು. ಒಂದು ದಿನ ಅದನ್ನು ಗೋಡೆಗೆ ಒರಗಿಸಿ ಅತ್ತೆ ಹಾಸಿಗೆಯನ್ನು ನೆಲಕ್ಕೇ ಹಾಸಿಕೊಂಡರು. ಉಳಿದ ಎರಡು ಪೆಟ್ಟಿಗೆಗಳನ್ನು ತಲೆಯ ಕಡೆ ಇಟ್ಟುಕೊಂಡು, ಅವುಗಳ ಮೇಲೆ ನೀರಿನ ಲೋಟ, ಕನ್ನಡಕ ಇಟ್ಟರು. ಸೊಂಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಾಲ್ಬೆರಳು ಮುಟ್ಟುವುದನ್ನು ಮಾತ್ರ ಬಿಟ್ಟರು.

"ಇನ್ನೆರಡು," ಎಂದಳು ಹೆಂಡತಿ. ಅವಳ ದನಿಯಲ್ಲೂ ಈಗ ಎರಡನೇ ಸಿ.ಡಿ. ಹಾಡುತ್ತಿತ್ತು.

ಭಾನುವಾರದ ಕಚೇರಿಗೆ ಹೊರಡುವಾಗ ಸಾವಿರಪ್ಪ ಒಳಕೋಣೆಗೆ ಹೋದ. ಅತ್ತೆ ಗೋಡೆ ಹಿಡಿದು, ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು ಎಂದು ನೆಲದಿಂದ ಏಳುತ್ತಿದ್ದರು. ಅವನು ಲೋಟ, ಕನ್ನಡಕ ಎತ್ತಿ ಕೆಳಗಿಟ್ಟ. ಪೆಟ್ಟಿಗೆಗೆ ಕೈ ಹಾಕಿದ. ನೆಲದ ಮೇಲಿದ್ದ ಆ ಕನ್ನಡಕವನ್ನು ಒಮ್ಮೆ ನೋಡಿದ. ಮತ್ತೆ ಲೋಟ, ಕನ್ನಡಕ ಪೆಟ್ಟಿಗೆಯ ಮೇಲೆ ಇಟ್ಟು, ಬರಿಗೈಯಲ್ಲಿ ಹೊರಗೆ ಬಂದ.

ಮಾರನೇ ದಿನ ಅವನು ಪೀಠೋಪಕರಣದ ಅಂಗಡಿಯಿಂದ ನಿಜವಾದ ಕಬ್ಬಿಣದ ಮಂಚವೊಂದನ್ನು ಹೊರಿಸಿಕೊಂಡು ಬಂದ. ಹೆಂಡತಿ ಬಾಗಿಲಲ್ಲೇ ತಡೆದಳು.

"ಇದಕ್ಕೆ ದುಡ್ಡು?"

"ಸಿ.ಡಿ.ದು."

"ಎರಡನೇದರ ಅಚ್ಚಿಗೆ ಅಂತ ಇಟ್ಟಿದ್ದಾ?"

"ಅಚ್ಚು ಎಲ್ಲಿ ಓಡಿಹೋಗುತ್ತೆ ಕಣೇ. ಮುಂದಿನ ವರ್ಷ ನೋಡೋಣ."

ಅವಳು ಅವನ ಮುಖ ನೋಡಿದಳು. ಸಾವಿರ ಎನ್ನುವ ಶಬ್ದವಿಲ್ಲದೆ ಅವನು ಇಷ್ಟು ಉದ್ದ ಮಾತಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ಪಕ್ಕಕ್ಕೆ ಸರಿದು, ಮಂಚದ ಇನ್ನೊಂದು ಕೊನೆ ಹಿಡಿದಳು.

ಎರಡು ದಿನ ಅತ್ತೆ ಅದರ ಮೇಲೆ ಮಲಗಿದರು. ಮೂರನೇ ಬೆಳಿಗ್ಗೆ ಅಳಿಯ ಮಗಳು ಇಬ್ಬರನ್ನೂ ಕರೆದು ಮುಂದೆ ಕೂರಿಸಿಕೊಂಡರು.

"ಅಳಿಯಂದಿರೇ, ಬೇಜಾರು ಮಾಡ್ಕೋಬೇಡಿ. ಇದು ಮಗ್ಗಲು ಬದಲಿಸೋ ಮುಂಚೆನೇ ಕಿರ್ ಅನ್ನುತ್ತೆ. ನಿಮ್ಮ ಐದನೇ ಹಾಡಿನ ಥರ. ನನಗೆ ಒಗ್ಗಲ್ಲ."

"ಎಣ್ಣೆ ಬಿಡ್ತೀನಿ ಅತ್ತೆ."

"ಚಿಲಕ ತೆಗೆದ ಹಾಗೆಯಾ? ಬೇಡ. ನಾನು ಅಂಗಡಿಯೋನ ಹತ್ರ ಮಾತಾಡಿದ್ದೀನಿ, ವಾಪಸ್ ತಗೋತಾನೆ, ಪೂರ್ತಿ ದುಡ್ಡು ಕೊಡ್ತಾನೆ. ಮೊದಲು ಆಗಲ್ಲ ಅಂದ. ಆಮೇಲೆ ಆಗುತ್ತೆ ಅಂದ." ಇಷ್ಟು ಹೇಳಿ ಅತ್ತೆ ತಲೆ ಕಡೆಯ ಎರಡು ಪೆಟ್ಟಿಗೆಗಳನ್ನು ಕಾಲಿನಿಂದ ಅವನತ್ತ ನೂಕಿದರು. "ಇವನ್ನೂ ಈ ಭಾನುವಾರ ಮಾರಿಬಿಡೋಣ. ಎರಡನೇದು ಯಾವಾಗ ಮಾಡಿಸ್ತೀರಿ?"

ಸಾವಿರಪ್ಪ ಪೆಟ್ಟಿಗೆಗಳನ್ನು ಪಕ್ಕಕ್ಕೆ ಸರಿಸಿದ. ಉತ್ತರ ಕೊಟ್ಟವಳು ಹೆಂಡತಿ. "ಮಾಡಿಸೋಣ ಅಮ್ಮ. ಆದ್ರೆ ಈ ಸಲ ಮುನ್ನೂರೇ. ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ."

"ಅದೇ ನಾನೂ ಹೇಳೋದು," ಎಂದರು ಅತ್ತೆ. "ಮುನ್ನೂರಂದ್ರೆ ಆರು ಪೆಟ್ಟಿಗೆ. ಆರು ಪೆಟ್ಟಿಗೆ ಜೋಡಿಸಿದ್ರೆ ತಲೆಯಿಂದ ನನ್ನ ಸೊಂಟದವರೆಗೂ ಬರಲ್ಲ. ಅಲ್ಲಿಂದ ಕೆಳಗೆ ನಾನೇನು ಗಾಳಿಯಲ್ಲಿ ತೇಲಬೇಕಾ?"

"ಅಮ್ಮ, ನೀನು ಮಲಗೋಕೆ ಅಂತ ಸಿ.ಡಿ. ಮಾಡಿಸೋದಾ?"

"ಮಲಗೋಳೂ ನಾನೇ, ಮಾರೋಳೂ ನಾನೇ. ನಿಮಗೆ ನುಡಿಸೋದು ಹಾಡೋದು ಬಿಟ್ಟು ಇನ್ನೇನು ಕೆಲಸ?" ಅತ್ತೆ ಅಳಿಯನತ್ತ ತಿರುಗಿದರು. "ಸುಮ್ಮನೆ ಕೂತಿದ್ದೀರಲ್ಲ. ಎಷ್ಟು ಮಾಡಿಸ್ತೀರಿ, ಹೇಳಿ."

ಸಾವಿರಪ್ಪ ಹೆಂಡತಿಯ ಮುಖ ನೋಡಿದ. ಅವಳು ನಗು ತಡೆಯಲು ಕೆನ್ನೆಯ ಒಳಗನ್ನು ಕಚ್ಚಿಕೊಂಡಿದ್ದಳು.

"ನೀವು ಎಷ್ಟು ಅಂದ್ರೆ ಅಷ್ಟು, ಅತ್ತೆ," ಎಂದ ಅವನು, ಮೆಲ್ಲಗೆ.

"ಮೊದಲು ಎಷ್ಟಿತ್ತೋ ಅಷ್ಟು. ಐದನೇ ಹಾಡಲ್ಲಿ ಮಾತ್ರ ಅವಸರ ಬೇಡ."

ಅಷ್ಟು ದಿನ ಬಾಯಲ್ಲಿ ಸಾವಿರಾರು ಮಂಚ ಕಟ್ಟಿದವನು ಈಗ ಎದ್ದ. ಅಟ್ಟದಿಂದ ತಿರುಪುಳಿ ಹುಡುಕಿ ತಂದು, ಗೋಡೆಗೆ ಒರಗಿದ್ದ ಬಾಗಿಲನ್ನು ನೆಲಕ್ಕೆ ಮಲಗಿಸಿ, ಅದರ ಪಕ್ಕ ಕೂತು, ಚಿಲಕದ ಮೊದಲ ಸ್ಕ್ರೂ ತಿರುಗಿಸತೊಡಗಿದ.