ಎಂಟು ನುಡಿಗೊಂದು ಮಗ್ಗುಲು

“ಕೈಯಾಗಿನ ಬರ್ಕತ್ತು ಬಿಟ್ಟು ಹೋಗೂ ಮುಂದ ಒಂದ್ಮಾತು ಹೇಳಿ ಹೋಗಬಾರದಾ?”

ವಜೀರಬೀ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಚಿದ್ರಿಯ ಆ ಮನೆಯ ಅಂಗಳದಲ್ಲಿ ಆಗ ಇದ್ದದ್ದು ಒಂದು ಪಪ್ಪಾಯಿ ಗಿಡ, ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆ, ಗೋಡೆಗೆ ಒರಗಿಸಿಟ್ಟ ಒಂದು ಕರಿಕಲ್ಲು, ಅಷ್ಟೆ.

ಆ ಕಲ್ಲು ಮೂರು ಗೇಣು ಉದ್ದ, ನಾಲ್ಕು ಬೆರಳು ದಪ್ಪ. ನಲವತ್ತು ವರ್ಷದಿಂದ ವಜೀರಬೀ ಅದರ ಮೇಲೆ ಮಾಂಸ ಸುಟ್ಟಿದ್ದಳು. ಆಡಿನ ತೊಡೆಯನ್ನು ಅಂಗೈ ಅಗಲಕ್ಕೆ ತೆಳ್ಳಗೆ ಕೊಯ್ದು, ಮೆತ್ತಗಾಗಲು ಹಸಿ ಪಪ್ಪಾಯಿ ಅರೆದು ಹಚ್ಚಿ, ಮಸಾಲೆಯಲ್ಲಿ ನೆನೆಯಲು ಇಟ್ಟು, ಕೆಂಡದ ಮೇಲೆ ಕಾಯಿಸಿದ ಕಲ್ಲಿನ ಮೈಗೆ ಒಂದೊಂದೇ ಹಾಳೆ ಹಾಸುವುದು. ಪತ್ಥರ್ ಕಾ ಗೋಷ್ತ್ ಮಾಡುವವರು ಊರಲ್ಲಿ ಎಷ್ಟೋ ಮಂದಿ ಇದ್ದರು. ಆದರೆ ತಿಂದವರು ನೆನೆಸುತ್ತಿದ್ದದ್ದು ವಜೀರಬೀಯ ಕೈಯನ್ನೇ.

ಆಕೆ ಗಡಿಯಾರ ನೋಡಿ ಅಡಿಗೆ ಮಾಡಿದವಳಲ್ಲ. ಖಟಕ ಚಿಂಚೋಳಿಯ ತವರು ಮನೆಯಲ್ಲಿ ತಾಯಿ ಮರಿಯಮಬೀ ಬೀಸುವಾಗ ಒಂದು ಹಾಡು ಹೇಳುತ್ತಿದ್ದಳು. ಅರ್ಧ ದಖ್ನಿ, ಅರ್ಧ ಕನ್ನಡ, ಎಲ್ಲವೂ ದೇವರ ಹೆಸರಿನದೇ. ಒಟ್ಟು ನಲವತ್ತು ನುಡಿ. ತೊಡೆಯ ಮೇಲೆ ಮಲಗಿ ಕೇಳುತ್ತ ಕೇಳುತ್ತ ಹುಡುಗಿಗೆ ಅದು ಉಸಿರಿನಷ್ಟೇ ಸಲೀಸಾಯಿತು.

ಕಲ್ಲು ತಿರುಗ್ಯಾದ ಸಾಹೇಬ ನಿನ್ನ ಹೆಸರಿಗೆ,
ಕಾಳು ಕರಗ್ಯಾದ ಸಾಹೇಬ ನಿನ್ನ ಉಸಿರಿಗೆ.

ಮುಂದೆ ಬೀಸುವ ಕಲ್ಲು ಹೋಯಿತು, ಗಿರಣಿ ಬಂತು. ಹಾಡು ಮಾತ್ರ ಸುಡುವ ಕಲ್ಲಿಗೆ ಬಂದು ಕೂತಿತು. ಮಾಂಸ ಪಪ್ಪಾಯಿಯಲ್ಲಿ ನೆನೆಯಲು ಆರು ಸುತ್ತು ಹಾಡು. ಕಲ್ಲಿನ ಮೇಲೆ ಒಂದು ಮಗ್ಗುಲಿಗೆ ಎಂಟು ನುಡಿ, ಹೊರಳಿಸಿದ ಮೇಲೆ ಇನ್ನೆಂಟು. ಒಂದು ದಿನವೂ ತಪ್ಪಿರಲಿಲ್ಲ. ಅಳತೆ ದೇವರದ್ದು, ತನ್ನದೇನೂ ಇಲ್ಲ ಎಂದು ಆಕೆ ನಂಬಿದ್ದಳು.

ಈಗ ತಪ್ಪುತ್ತಿತ್ತು. ರಮ್ಜಾನ್ ಈದಿನ ದಿನ ಮಾಂಸದ ಹಾಳೆ ಕಲ್ಲಿಂದ ಎತ್ತುವಾಗಲೇ ಹರಿದು ಪಿಟ್ಲೆಯಾಯಿತು. ಬಕ್ರೀದಿಗೆ ಒಳಗೆ ಮುದ್ದೆ, ಹೊರಗೆ ಕರಿ. ಅದಾದ ಒಂದು ತಿಂಗಳಿಗೆ ಗೋರಖನಾಥ ಗುರುಜಿ ಬಂದಾಗಲೂ ಅದೇ ಹಾಡು, ಅದೇ ಪಾಡು.

ಗೋರಖನಾಥ ಎಕಂಬಾದ ಬೌದ್ಧರ ಮನೆತನದವರು, ರಿಟೈರಾದ ಹೆಡ್ ಮಾಸ್ತರು. ವಜೀರಬೀಯ ಗಂಡ ಹಬೀಬ ಔರಾದ ಲೈನಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಾಗ ದಿನಾ ಅದೇ ಬಸ್ಸಿನಲ್ಲಿ ಸಾಲಿಗೆ ಹೋಗುತ್ತಿದ್ದರು. ಬಸ್ಸಿನ ಗೆಳೆತನ ಮನೆಗೆ ಬಂತು. ಅವರ ಹೊಲದ ಹೊಸ ಉದ್ದು ಬಂದ ಕೂಡಲೇ ಮೊದಲ ಚೀಲ ಚಿದ್ರಿಗೆ. ಆವತ್ತು ಊಟಕ್ಕೆ ಕಲ್ಲಿನ ಗೋಷ್ತು. ಹಬೀಬ ತೀರಿಹೋಗಿ ಒಂಬತ್ತು ವರ್ಷವಾದರೂ ಆ ನಡೆ ತಪ್ಪಿರಲಿಲ್ಲ. ತಿಂದದ್ದು ಸೇರಿದರೆ ಗುರುಜಿ ತಟ್ಟೆ ಮುಂದೆ ಚಾಚಿ, “ಕಂಡಕ್ಟರ್ ಸಾಬ, ಇನ್ನೊಂದು ಟಿಕೀಟು ಹರೀರಿ” ಅನ್ನುತ್ತಿದ್ದರು. ಹಬೀಬನ ನಂತರ “ಭಾಭಿ, ಇನ್ನೊಂದು ಟಿಕೀಟು” ಅಂತಾಯಿತು.

ಹೋದ ಸಲ ಗುರುಜಿ ಟಿಕೀಟು ಕೇಳಲಿಲ್ಲ. ಅರ್ಧ ತಿಂದು, “ಭಾಳ ಮೆತ್ತಗ ಆಗ್ಯಾದ್ರಿ ಭಾಭಿ, ನಮ್ಮಂಥ ಮುದುಕರಿಗೆ ಚಲೋ” ಅಂದು ಕೈತೊಳೆದರು. ಆ ಒಳ್ಳೇ ಮಾತು ವಜೀರಬೀಯ ಎದೆಯಲ್ಲಿ ಮುಳ್ಳಾಗಿ ನಿಂತಿತು.

ರಮ್ಜಾನ್ ಈದ್ ಆದಂದಿನಿಂದಲೂ ಆಕೆ ತನ್ನ ತಪ್ಪು ಹುಡುಕುತ್ತಿದ್ದಳು. ಯಾವುದಾದರೂ ಬೆಳಗಿನ ನಮಾಜು ತಪ್ಪಿತೇ? ಬಾಗಿಲಿಗೆ ಬಂದ ಫಕೀರನಿಗೆ ಮುಂದಕ್ಕೆ ಹೋಗೆಂದೆನೇ? ಭಾಲ್ಕಿಯ ಮದುವೆಯಲ್ಲಿ “ಇಂಥಾ ಗೋಷ್ತ್ ನನ್ನ ಕೈಲೆ ಅಷ್ಟೇ” ಎಂದು ನಾಲ್ಕು ಮಂದಿಯಲ್ಲಿ ಅಂದಿದ್ದೆನಲ್ಲ, ಆ ಸೊಕ್ಕೇ? ಕೈಯಲ್ಲಿದ್ದ ಬರ್ಕತ್ತು, ದೇವರು ಕೊಟ್ಟ ಆ ಕೈಗುಣ, ಎದ್ದು ಹೋಗಿದೆ ಎಂಬುದರಲ್ಲಿ ಆಕೆಗೆ ಸಂಶಯ ಉಳಿದಿರಲಿಲ್ಲ.

ಶುಕ್ರವಾರ ಗುರುಜಿಯ ಫೋನು ಬಂತು. ಉದ್ದು ಬಂದಿದೆ, ರವಿವಾರ ಹೆಂಡತಿ ಕೌಸಲ್ಯಾಬಾಯಿಯ ಜೋಡಿ ಬರ್ತೇವೆ ಎಂದು. ವಜೀರಬೀ ಮಗನನ್ನು ಕರೆದಳು.

“ಫೈಜಲ, ರವಿವಾರ ಒಂದಿನ ನೋಡ್ತೇನಿ. ಆವತ್ತೂ ಗೋಷ್ತ್ ಕೆಟ್ಟರ ಈ ಕಲ್ಲು ಬಚ್ಚಲದಾಗ ಹಾಕಿಸು. ಅರಬಿ ಒಗೀಲಿಕ್ಕ ಆದೀತು.”

“ಯಾಕ ಅಮ್ಮಾ ಹಂಗಂತೀ? ಅಪ್ಪಾ ತಂದ ಕಲ್ಲು ಅದು.”

“ಅದಕ್ಕೇ. ಅದರ ಮರ್ಯಾದಿ ಕಳೀಲಿಕ್ಕ ನಾ ತಯಾರಿಲ್ಲ.”

ಫೈಜಲ ಕಲ್ಲಿನ ಮೇಲೆ ಒಮ್ಮೆ ಕೈಯಾಡಿಸಿ ಎದ್ದ. ಪಂಪು, ಮೋಟಾರು ರಿಪೇರಿ ಮಾಡುವವನು. ನಿಂತದ್ದನ್ನು ಹೊಸ ಸಾಮಾನು ಹಾಕಿ ಓಡಿಸಬೇಕೆನ್ನುವ ಸ್ವಭಾವ. ಆರು ವರ್ಷದಿಂದ ಬರೀ ಒಸಡಿನ ಮೇಲೆ ಇದ್ದ ತಾಯಿಗೆ ರಮ್ಜಾನ್ ಈದಿಗೆ ಮುಂಚೆ ಹಲ್ಲಿನ ಸೆಟ್ಟು ಮಾಡಿಸಿದವನೂ ಅವನೇ. ಬೆಳ್ಳಗೆ ಹೊಳೆಯುವ ಸಾಲು ಹಲ್ಲು. ಅವನು ಮನೆಗೆ ಬಂದವರಿಗೆಲ್ಲ, “ಅಮ್ಮಾ, ಒಂದೀಟು ನಗು” ಎಂದು ತೋರಿಸುತ್ತಿದ್ದ. ಮಗನ ಮನಸ್ಸು ನೋಯಬಾರದೆಂದು ಆಕೆಯೂ ಬೆಳಗ್ಗೆ ಎದ್ದು ಮೊದಲು ಹಲ್ಲು, ಆಮೇಲೆ ಚಾ.

ಫೈಜಲನ ಮಗಳು ಇರಮ ಬಿ.ಎಸ್ಸಿ. ಎರಡನೇ ವರ್ಷದವಳು. ತಾಯಿ ಹೈದರಾಬಾದಿಗೆ ತಂಗಿಯ ಬಾಣಂತನಕ್ಕೆ ಹೋಗಿದ್ದರಿಂದ ಅಡಿಗೆ ಮನೆ ಈಗ ಅವಳದೂ ಅಜ್ಜಿಯದೂ; ಅಜ್ಜಿಯನ್ನು ಅವಳು ದಾದಿ ಅನ್ನುತ್ತಿದ್ದಳು. ಫೋನು ಹಿಡಿದೇ ಬಂದಳು.

“ದಾದಿ, ಈ ಸಲ ಮೆಕ್ಸಿಕೋದವರ ಹಂಗ ಮಾಡೋಣ.”

“ಅವರು ಯಾವ ಕಡೇರು?”

“ಅಮೇರಿಕಾದ ಬಾಜೂಕ.”

“ಅಷ್ಟು ದೂರಲಿಂದ ಊಟಕ್ಕ ಬರ್ತಾರಾ?”

“ಅವರ್ಯಾಕ ಬರ್ತಾರ? ಅವರ ಅಡಗಿ ಬರ್ತದ. ಕೇಳಿಲ್ಲಿ. ಪಪ್ಪಾಯಿ ಇಲ್ಲ. ನಿಂಬಿಹಣ್ಣು, ಮೋಸಂಬಿ ರಸ, ಬಳ್ಳೊಳ್ಳಿ, ಜೀರಗಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಕಾಡಿ, ಎಣ್ಣಿ. ನೆನೀಲಿಕ್ಕ ಇಡೂದು, ಸುಡೂದು, ಸಣ್ಣ ಪಟ್ಟಿ ಕೊಯ್ದು ತೆಳ್ಳನ ರೊಟ್ಟ್ಯಾಗ ಸುತ್ತಿ ತಿನ್ನೂದು. ಅವರದು ದನದ್ದಿರ್ತದ, ನಾವು ಆಡಿಂದು ಹಾಕೂಣು.”

ವಜೀರಬೀ ವಿಚಾರ ಮಾಡಿದಳು. “ಕೆಟ್ಟರ ಯಾರ ಹೆಸರು ಹೇಳ್ತೀ?”

“ಮೆಕ್ಸಿಕೋದ್ದು.”

“ಹಂಗಾರ ಮಾಡು.”

ಹಾಗಂದಳೇ ಹೊರತು ಕಲ್ಲು ಬಚ್ಚಲಿಗೆ ಹಾಕಿಸುವ ಮಾತು ಮಾತೇ. ಯಾರ ಮಸಾಲೆಯಾದರೂ ಸುಡುವ ಕೈ ತನ್ನದು.

ರವಿವಾರ ಬೆಳಗ್ಗೆ ಅಬ್ದುಲ ಗಫೂರನ ಅಂಗಡಿಯಿಂದ ಎಳೆ ಆಡಿನ ತೊಡೆ ಬಂತು. ವಜೀರಬೀ ಮೂಳೆ ಬಿಡಿಸಿ, ಎಳೆಗೆ ಅಡ್ಡಲಾಗಿ ಚಾಕು ಇಟ್ಟು ಒಂದೊಂದೇ ಹಾಳೆ ತೆಗೆದಳು.

“ಫೋನಿನ್ಯಾಗೂ ಹಿಂಗೇ ಹೇಳ್ಯಾರ ದಾದಿ. ಎಳಿಗೆ ಅಡ್ಡ ಕೊಯ್ರಿ ಅಂತ.”

“ತಿಳಿದ ಮಂದಿ ಅದಾರ ಹಂಗಾರ.” ಮೆಕ್ಸಿಕೋದವರ ಮೇಲೆ ಆಕೆಗೆ ಮೊದಲ ಸಲ ಸ್ವಲ್ಪ ವಿಶ್ವಾಸ ಬಂತು.

ಮಸಾಲೆ ಕಲೆಸಿ ಹಾಳೆಗಳನ್ನು ಅದರಲ್ಲಿ ಮುಳುಗಿಸಿದರು. ಮೋಸಂಬಿಯ ಸಿಹಿ, ಜೀರಿಗೆಯ ಘಮ, ಅಂಗಳ ತುಂಬ ಹೊಸ ಪರಿಮಳ. ಇರಮ ಫೋನಿಗೆ ಒಂದು ತಾಸಿನ ಅಲಾರಂ ಇಟ್ಟಳು. ವಜೀರಬೀ ಫೋನನ್ನು ನಂಬಲಿಲ್ಲ. ಒಂದು ತಾಸು ಎಂದರೆ ಆರು ಸುತ್ತು. ಇದು ಆಕೆಗೆ ಮದುವೆಯಾಗಿ ಬಂದ ದಿನದಿಂದ ಗೊತ್ತು. ಕಣ್ಣು ಮುಚ್ಚಿ ಹೇಳತೊಡಗಿದಳು.

ನಾಲ್ಕನೇ ಸುತ್ತಿನ ನಡುವಿನಲ್ಲಿ ಅಲಾರಂ ಕೂಗಿತು.

“ಫೋನು ಮುಂದ ಓಡ್ತದ” ಅಂದಳು ವಜೀರಬೀ.

“ಫೋನು ಹ್ಯಾಂಗ ಓಡ್ತದ ದಾದಿ? ನೋಡು, ಅಂಚು ಬೆಳ್ಳಗಾಗ್ಲಿಕ್ಕತ್ಯಾದ. ಇನ್ನ ಬಿಟ್ರ ನಿಂಬಿ ಹುಳೀಗೇ ಬೆಂದು ಹೋಗ್ತದ.”

ಪರದೇಶದ ಅಡಿಗೆ, ಪರದೇಶದ ಲೆಕ್ಕ ಇರಬೇಕೆಂದು ಆಕೆ ಸುಮ್ಮನೆ ತೆಗೆದಳು. ಇಟ್ಟಿಗೆಗಳ ಮೇಲೆ ಕಲ್ಲು ಕಾದಿತ್ತು. ನೀರಿನ ಹನಿ ಚಿಮುಕಿಸಿದರೆ ಹನಿ ಓಡಾಡಿ ಮಾಯವಾಯಿತು. ಕೊಬ್ಬಿನ ತುಣುಕಿನಿಂದ ಕಲ್ಲಿನ ಮೈ ಒರೆಸಿ, ರುಚಿ ನೋಡಲೆಂದು ಒಂದೇ ಹಾಳೆ ಹಾಸಿದಳು. ಚುಂಯ್ ಎಂದಿತು. ಇರಮ ಎರಡು ನಿಮಿಷಕ್ಕೆ ಅಲಾರಂ ಇಟ್ಟಳು. ದಾದಿ ಮೊದಲ ನುಡಿ ಎತ್ತಿಕೊಂಡಳು.

ಐದನೆಯ ನುಡಿಗೆ ಬರುವಾಗಲೇ ಅಲಾರಂ ಕೂಗಿತು. ಈ ಸಲ ಆಕೆ ಕೇಳಲಿಲ್ಲ. ಎಂಟು ಮುಗಿಸಿಯೇ ಹೊರಳಿಸಿದಳು, ಇನ್ನೆಂಟು ಮುಗಿಸಿಯೇ ಎತ್ತಿದಳು. ಹಾಳೆ ಒಣಗಿದ ಚರ್ಮದಂತೆ ಸೆಟೆದಿತ್ತು. ವಜೀರಬೀ ಅದನ್ನು ಹಿಡಿದು ಬಹಳ ಹೊತ್ತು ನೋಡಿದಳು.

“ಮೆಕ್ಸಿಕೋದ್ದಲ್ಲ ಬೇಟಿ. ತಪ್ಪು ನನ್ನ ಕೈದೇ. ಅಪ್ಪಗ ಹೇಳು, ಕಲ್ಲು ಎತ್ತಲಿ.”

ಇರಮ ಏಳಲಿಲ್ಲ. ಚಿಕ್ಕಂದಿನಲ್ಲಿ ಆ ಹಾಡು ಕೇಳದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

“ದಾದಿ, ನೀ ಮೊದಲ ಹಿಂಗ ಹೇಳ್ತಿದ್ದಿಲ್ಲ.”

“ಒಂದಕ್ಷರ ಬಿಟ್ಟಿಲ್ಲ ನಾ.”

“ಅಕ್ಷರ ಬಿಟ್ಟಿಲ್ಲ. ಆದರ ‘ಸಾಹೇಬ’ ಬಂದಲ್ಲೆಲ್ಲ ನಿಂತು ನಿಂತು ಹೋಗ್ತೀ. ಮುಳ್ಳಿನ ಮ್ಯಾಲ ಕಾಲಿಟ್ಟಂಗ.”

“ನಿಲ್ಲದಿದ್ರ ಹ್ಯಾಂಗ? ಈ ‘ಸ’ ಬಂದರ ಹಲ್ಲು ಸಿಳ್ಳು ಹೊಡೀತಾವ. ಜಲ್ದಿ ಹೇಳಿದ್ರ ಹೊರಗ ಜಿಗೀತಾವ. ಸಾವಕಾಶ ಹೇಳ್…”

ಅಜ್ಜಿ ಮೊಮ್ಮಗಳ ಮುಖ ನೋಡಿದಳು, ಮೊಮ್ಮಗಳು ಅಜ್ಜಿಯ ಬಾಯಿ ನೋಡಿದಳು.

“ದಾದಿ, ಹಲ್ಲು ಯಾವಾಗ ಬಂದವು?”

“ಈದಿಗೆ ಎಂಟು ದಿನ ಮೊದಲ.”

“ಗೋಷ್ತ್ ಕೆಡ್ಲಿಕ್ಕ ಯಾವಾಗ ಹತ್ತಿತು?”

ವಜೀರಬೀ ಸೆರಗಿನ ಮರೆಯಲ್ಲಿ ಎರಡೂ ಸಾಲು ಹಲ್ಲು ತೆಗೆದು, ನೀರಿನ ಬಟ್ಟಲಿಗೆ ಬಿಟ್ಟಳು. ಹೊಸ ಹಾಳೆ ಹಾಸಿದಳು. ಇರಮ ಅಲಾರಂ ಇಟ್ಟಳು.

ಹಾಡು ಹಳ್ಳದ ನೀರಿನಂತೆ ಹರಿಯಿತು. ಸಿಳ್ಳಿಲ್ಲ, ತಡೆಯಿಲ್ಲ, ಒಸಡಿನ ಮೇಲಿಂದ ಜಾರಿ ಜಾರಿ ಒಂದು ನುಡಿಯ ಬಾಲ ಹಿಡಿದು ಇನ್ನೊಂದು. ಎಂಟನೆಯ ನುಡಿಯ ಕೊನೆಯ ‘ಉಸಿರಿಗೆ’ ಮತ್ತು ಫೋನಿನ ಕೂಗು ಒಟ್ಟಿಗೇ ಬಂದವು. ಹೊರಳಿಸಿದಳು. ಮತ್ತೆ ಎಂಟು, ಮತ್ತೆ ಒಟ್ಟಿಗೇ.

ಎತ್ತಿ, ತುದಿ ಹರಿದು ಬಾಯಿಗೆ ಹಾಕಿಕೊಂಡಳು. ಆರು ವರ್ಷ ಆಕೆ ಹೀಗೆಯೇ ಒಸಡಿನಿಂದ ಹದ ನೋಡಿದ್ದಳು: ಒಸಡಿಗೆ ಬಿಟ್ಟುಕೊಟ್ಟರೂ ಹಿಟ್ಟಾಗಬಾರದು. ಮಾಂಸ ಬಿಟ್ಟುಕೊಟ್ಟಿತು, ಹಿಟ್ಟಾಗಲಿಲ್ಲ. ನಿಂಬೆಯ ಹುಳಿ, ಹೊಗೆಯ ವಾಸನೆ, ಒಳಗೆ ಇನ್ನೂ ರಸ.

“ಅಲ್ಹಮ್ದುಲಿಲ್ಲಾ” ಅಂದಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ಹೊಗೆಯನ್ನು ಬೈದಳು. ಆಮೇಲೆ, “ಸುಳ್ಳೇ ಆ ಫಕೀರನ್ನ ನೆನಸಿ ನೆನಸಿ ಐದು ತಿಂಗಳು ನಿದ್ದಿಗೆಟ್ಟೆ ನೋಡು” ಎಂದು ನಗತೊಡಗಿದಳು. ಇರಮ ಬಿದ್ದು ಬಿದ್ದು ನಕ್ಕಳು.

ಒಂದು ಗಂಟೆಗೆ ಗುರುಜಿ, ಕೌಸಲ್ಯಾಬಾಯಿ ಉದ್ದಿನ ಚೀಲದ ಜೋಡಿ ಬಂದಿಳಿದರು. ಅಂಗಳದಲ್ಲೇ ಚಾಪೆ. ಸುಟ್ಟ ಮಾಂಸವನ್ನು ಇರಮ ಪಟ್ಟಿ ಪಟ್ಟಿ ಕೊಯ್ದು, ಹಸಿ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ ಉದುರಿಸಿ, ತೆಳ್ಳನೆಯ ರೊಟ್ಟಿಯಲ್ಲಿ ಸುತ್ತಿ ಕೊಟ್ಟಳು. ಕೌಸಲ್ಯಾಬಾಯಿ ಒಂದು ಗಳಿಗೆ ಕೈಮುಗಿದು ಕಣ್ಣು ಮುಚ್ಚಿ, ಆಮೇಲೆ ತುತ್ತು ಮುರಿದರು.

“ಇದೇನ್ ಸುರಳಿ ಮಾಡೀ ಬೇಟಾ?” ಎಂದರು ಗುರುಜಿ.

“ಮೆಕ್ಸಿಕೋದ್ದರಿ ಗುರುಜಿ.”

“ಭೂಗೋಳ ನಾ ಕಲಿಸೀನಿ. ಆ ದೇಶ ತಿನ್ನಲಿಕ್ಕ ಬರ್ತದಂತ ಗೊತ್ತಿದ್ದಿಲ್ಲ.”

ಒಂದು ತುತ್ತು ಬಾಯಿಗೆ ಹೋಯಿತು. ವಜೀರಬೀ ಕಲ್ಲಿನ ಮುಂದೆ ಬೆನ್ನು ಮಾಡಿ ಕೂತಿದ್ದಳು, ಕಿವಿ ಮಾತ್ರ ಚಾಪೆಯ ಮೇಲೆ. ಎರಡನೆಯ ತುತ್ತು, ಮೂರನೆಯದು. ಅಗಿಯುವ ಸದ್ದಷ್ಟೇ. ಕೊನೆಗೆ ತಟ್ಟೆ ಚಾಪೆಯ ಮೇಲೆ ಸರಿದ ಸಪ್ಪಳ.

“ಭಾಭಿ, ಇನ್ನೊಂದು ಟಿಕೀಟು.”

“ನನಗೂ ಅಕ್ಕಾ” ಅಂದರು ಕೌಸಲ್ಯಾಬಾಯಿ. “ಇವರೊಬ್ಬರೇ ಹೋದ್ರ ಹ್ಯಾಂಗ?”

ವಜೀರಬೀ ಕಲ್ಲಿನ ಮೇಲೆ ಎರಡು ಹಾಳೆ ಹಾಸಿ, ಬೋಳು ಬಾಯಲ್ಲಿ ಮೊದಲ ನುಡಿ ಎತ್ತಿಕೊಂಡಳು.

ಆಗ ಫೈಜಲ ಒಳಗಿನಿಂದ ಗಾಬರಿಯಾಗಿ ಬಂದ. ಕೈಯಲ್ಲಿ ಬಟ್ಟಲು, ಬಟ್ಟಲಿನ ನೀರಿನಲ್ಲಿ ಹಲ್ಲು.

“ಅಮ್ಮಾ, ಇದೇನಿದು? ಗುರುಜಿ ಮುಂದ ಹಿಂಗ ಕೂಡ್ತಾರಾ? ಫೋಟೋ ತೆಗೀಬೇಕಂತ ಮಾಡೀನಿ. ಹಾಕ್ಕೋ ನೋಡೋಣ.”

ಆಕೆ ಹಾಡು ನಿಲ್ಲಿಸಲಿಲ್ಲ. ಐದು, ಆರು. ಫೈಜಲ ಬಟ್ಟಲು ಮುಂದೆ ಹಿಡಿದು ನಿಂತೇ ಇದ್ದ. ಏಳು. ಎಂಟು. ಎರಡೂ ಹಾಳೆ ಹೊರಳಿಸಿ, ಚಿಮಟ ಕೆಳಗಿಟ್ಟು, ಮಗನ ಕಡೆ ತಿರುಗಿ ಬಾಯಿ ತುಂಬ ನಕ್ಕಳು.

“ಹಾಕ್ಕೊಳ್ಳಂಗಿಲ್ಲ.”