ಅಂಗಾತ ಬಿದ್ದ ಜಿರಳೆ, ಗಾಜಿನ ಪೆಟ್ಟಿಗೆಯ ಹಲ್ಲಿ

ಚೆನ್ನೈನ ಮೈಲಾಪೂರಿನ ಹಳೆಯ ಫ್ಲಾಟುಗಳಲ್ಲಿ ಬಾಡಿಗೆಯವರು ಬದಲಾದರೂ ಜಿರಳೆಗಳು ಬದಲಾಗುವುದಿಲ್ಲ. ವಿಮಾ ಕಂಪನಿಯ ಜಯರಾಮ ವರ್ಗವಾಗಿ ಮೈಸೂರಿನಿಂದ ಸಂಸಾರ ಸಮೇತ ಬಂದಾಗ, ಅವನ ತಾಯಿ ಸಾಕಮ್ಮ ಮೊದಲು ಕಲಿತದ್ದು ತಮಿಳನ್ನಲ್ಲ, ಜಿರಳೆ ಸಾಯಿಸುವ ಚಾಕ್‌ಪೀಸ್ ಎಳೆಯುವುದನ್ನು. ಶುಕ್ರವಾರ ಹೊಸಿಲಿಗೆ ರಂಗೋಲಿ ಇಟ್ಟಾದ ಮೇಲೆ ಸಿಂಕಿನ ಸುತ್ತ, ಸಿಲಿಂಡರಿನ ಹಿಂದೆ ಅಷ್ಟೇ ನಾಜೂಕಾಗಿ ಬಿಳಿ ಗೆರೆ ಎಳೆಯುತ್ತಿದ್ದರು. ಗೆರೆ ತುಳಿದ ಜಿರಳೆ ಬೆಳಗಾಗುವಷ್ಟರಲ್ಲಿ ಅಂಗಾತ ಬಿದ್ದು ಕಾಲಾಡಿಸುತ್ತಿತ್ತು.

ಅದು ಮೊಬೈಲ್ ಫೋನು ಆಗಷ್ಟೇ ಎಲ್ಲರ ಜೇಬಿಗೆ ಬರುತ್ತಿದ್ದ ಕಾಲ. ಜಯರಾಮನ ಗೆಳೆಯ ತಿರುಮಲ ದೆಹಲಿಗೆ ಹೊರಟವನು, ತಾನು ಸಾಕಿದ್ದ ಮೂರು ಹಲ್ಲಿಗಳನ್ನು ಗಾಜಿನ ಪೆಟ್ಟಿಗೆ ಸಮೇತ ಜಯರಾಮನ ಮಗಳು ಚಿನ್ಮಯಿಗೆ ಕೊಟ್ಟುಹೋದ. ಗೋಡೆ ಹಲ್ಲಿಗಳಲ್ಲ ಅವು. ಹಳದಿ ಮೈ, ಮೇಲೆ ಚಿರತೆಯ ಹಾಗೆ ಕಪ್ಪು ಚುಕ್ಕೆ. ಲೊಚಗುಟ್ಟುವುದು ಅಪರೂಪ, ಹಾಗಾಗಿ ಸಾಕಮ್ಮನ ಶಕುನಕ್ಕೂ ತೊಂದರೆಯಿಲ್ಲ. ಹುಡುಗಿ ಸ್ಕೂಲಿಂದ ಬಂದವಳೇ ಬ್ಯಾಗು ಬಿಸಾಕಿ ಅವುಗಳ ಮುಂದೆ ಕೂರುತ್ತಿದ್ದಳು.

"ಅಂಗಡೀಲಿ ಸಾಕಿದ ಹುಳ ಸಿಗುತ್ತೆ, ಅದನ್ನೇ ಹಾಕಿ" ಎಂದು ತಿರುಮಲ ಹೇಳಿಯೇ ಹೋಗಿದ್ದ. ಆದರೆ ಚಿನ್ಮಯಿಯ ತಾಯಿ ಅಂಬುಜಾ ಮೊಟ್ಟೆಯನ್ನೂ ಮುಟ್ಟದ ಮನೆಯವಳು.

"ದುಡ್ಡು ಕೊಟ್ಟು ಜೀವ ತಂದು ಕೊಲ್ಲಿಸೋದು ನನ್ನ ಕೈಲಾಗಲ್ಲ ಅತ್ತೆ. ಸಿಂಕಿನ ಹತ್ರ ಬಿದ್ದಿರ್ತಾವಲ್ಲ, ಅವನ್ನೇ ಹಾಕ್ತೀನಿ. ಅವು ಹೇಗೂ ಸಾಯ್ತಾ ಇರೋವು, ನಮಗೆ ಪಾಪ ಇಲ್ಲ."

"ಅದೇ ಸರಿ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು" ಎಂದರು ಸಾಕಮ್ಮ.

ದಿನಾ ಬೆಳಿಗ್ಗೆ ಅಂಬುಜಾ ಸಣ್ಣ ಸಣ್ಣ ಜಿರಳೆಗಳನ್ನು ಆರಿಸಿ ಪೆಟ್ಟಿಗೆಗೆ ಹಾಕತೊಡಗಿದಳು. ಹಲ್ಲಿಗಳು ಗಬಕ್ಕನೆ ನುಂಗುತ್ತಿದ್ದವು. ಧರ್ಮವೂ ಉಳಿಯಿತು, ಅವುಗಳ ಹೊಟ್ಟೆಯೂ ತುಂಬಿತು ಎಂದು ಅವಳಿಗೆ ಸಮಾಧಾನವಿತ್ತು.

ಆಮೇಲೆ ಒಂದು ಹಲ್ಲಿ ಸತ್ತಿತು. ಕೆಲವು ವಾರ ಕಳೆದು ಇನ್ನೊಂದು. ಗಾಯವಿಲ್ಲ, ಏನಿಲ್ಲ. ಸಾಕಮ್ಮ ದೃಷ್ಟಿ ಎಂದರು, ಕಂಚಿಯ ದೇವಸ್ಥಾನಕ್ಕೆ ಹೋಗಿ ಚಿನ್ನದ ಹಲ್ಲಿ ಮುಟ್ಟಿ ಬರೋಣ ಎಂದರು. ಚಿನ್ಮಯಿ ಮಾತ್ರ ತನ್ನದೇ ಲೆಕ್ಕ ಹಾಕಿದ್ದಳು. ಎರಡನ್ನೂ ಸಾಯುವ ಹಿಂದಿನ ಸಂಜೆ ಅವಳೇ ಅಂಗೈ ಮೇಲೆ ಇಟ್ಟುಕೊಂಡು ಆಡಿಸಿದ್ದಳು.

"ಎನ್ ಕೈರಾಸಿ ಸರಿಯಿಲ್ಲಮ್ಮಾ" ಎಂದಳು ತಮಿಳಿನಲ್ಲಿ, ತನ್ನ ಕೈಗುಣವೇ ಕೆಟ್ಟದ್ದೆಂದು. ಅಂಬುಜಾ ಗದರಿದಳು, ಮುದ್ದು ಮಾಡಿದಳು, ಯಾವುದೂ ನಾಟಲಿಲ್ಲ. ಹುಡುಗಿ ಪೆಟ್ಟಿಗೆಯ ಹತ್ತಿರ ಸುಳಿಯುವುದನ್ನೇ ಬಿಟ್ಟಳು. ಮೇಲಿನ ಮನೆಯ ಪಾಪು ತೋಳು ಚಾಚಿದರೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು.

ಪಾಪುವಿನ ತಾಯಿ ವೆಂಕಟಲಕ್ಷ್ಮಿ ಹಾಸನದ ಕಡೆಯವಳು, ಅಡ್ಯಾರಿನಲ್ಲಿ ಪಶುವೈದ್ಯೆ. ಕೊನೆಯ ಹಲ್ಲಿಯೂ ಒಂದು ಬೆಳಿಗ್ಗೆ ನಡುಗತೊಡಗಿದಾಗ ಅಂಬುಜಾ ಅವಳನ್ನೇ ಕರೆದಳು. ಹಲ್ಲಿ ತಲೆ ಎತ್ತಲಾರದೆ, ಕಾಲು ಸೆಟೆದು ಮಲಗಿತ್ತು.

"ಏನು ಹಾಕ್ತಿದೀರ ಅಕ್ಕ ಇದಕ್ಕೆ?"

"ಜಿರಳೆ. ಆದ್ರೆ ನಾನು ಒಂದನ್ನೂ ಕೊಂದಿಲ್ಲಮ್ಮ. ಅಂಗಾತ ಬಿದ್ದಿದ್ದನ್ನ ಮಾತ್ರ ಹಾಕ್ತೀನಿ."

"ಅವು ಯಾಕೆ ಅಂಗಾತ ಬಿದ್ದಿದ್ವು?"

ಸಾಕಮ್ಮ ಸಿಂಕಿನ ಕಡೆ ನೋಡಿದರು. "ಆ ಗೆರೆ ಜಿರಳೆಗೆ ಹಾಕಿದ್ದಮ್ಮ, ಹಲ್ಲಿಗಲ್ಲ" ಎಂದರು ಮೆಲ್ಲಗೆ.

"ಜಿರಳೆ ಮೈಗೆ, ಹೊಟ್ಟೆಗೆ ಹೋದ ವಿಷ ಅದನ್ನ ನುಂಗಿದ ಹಲ್ಲಿಗೂ ಹೋಗುತ್ತೆ ಅಮ್ಮ."

ಅಂಬುಜಾ ಒಪ್ಪಲಿಲ್ಲ. "ನಮ್ಮ ಗೋಡೆ ಹಲ್ಲಿಗಳೂ ಇವನ್ನೇ ತಿಂತಾವೆ. ಅವಕ್ಕೇನಾಗಿದೆ?"

"ಸತ್ತ ಹಲ್ಲೀನ ಯಾವತ್ತೂ ಪೊರಕೇಲಿ ಗುಡಿಸಿಲ್ವಾ ಅಕ್ಕ? ಯಾಕೆ ಸತ್ತಿತು ಅಂತ ಆಗ ಯಾರೂ ಕೇಳಲಿಲ್ಲ, ಅಷ್ಟೆ. ಗೋಡೆ ಹಲ್ಲಿ ಹತ್ತು ಕಡೆ ಬೇಟೆ ಆಡುತ್ತೆ. ಪೆಟ್ಟಿಗೇಲಿರೋದಕ್ಕೆ ನೀವು ಹಾಕಿದ್ದೇ ಗತಿ."

ಅಂಬುಜಾ ಗುಡಿಸಿದ್ದುಂಟು.

ವೆಂಕಟಲಕ್ಷ್ಮಿ ಹಲ್ಲಿಯನ್ನು ಬಟ್ಟೆ ಹಾಸಿದ ಡಬ್ಬಿಯಲ್ಲಿಟ್ಟು ತನ್ನ ಆಸ್ಪತ್ರೆಗೆ ಒಯ್ದಳು. "ಉಳಿಯುತ್ತೆ ಅಂತ ಮಾತು ಕೊಡಲ್ಲ" ಎಂದೇ ಹೇಳಿದ್ದಳು. ಆದರೂ ಉಳಿಯಿತು. ಮರಳಿ ತಂದಾಗ ಬುದ್ಧಿವಾದವನ್ನೂ ತಂದಳು: "ಸಾಕಿದ ಮಿಡತೆಯೋ ಹುಳವೋ ಹಾಕಿ. ಆ ಹುಳಕ್ಕೆ ಮೊದಲು ಕ್ಯಾರೆಟ್, ಸೊಪ್ಪು ತಿನ್ನಿಸಿ. ಬರೀ ಹುಳ ಆದ್ರೆ ಮೂಳೆ ಮೆತ್ತಗಾಗುತ್ತೆ, ಕ್ಯಾಲ್ಸಿಯಂ ಪುಡಿ ಸವರಿ ಹಾಕಬೇಕು. ಯಾವ ಪುಡಿ, ಎಷ್ಟು ಅಂತ ನಾನು ಹೇಳ್ತೀನಿ."

"ಹುಳ ಕೊಲ್ಲಿಸಿದ ಪಾಪ?" ಎಂದಳು ಅಂಬುಜಾ.

"ಹುಳ ತಿನ್ನೋದು ಅದರ ಹುಟ್ಟುಗುಣ ಅಕ್ಕ. ಸಾಕೋದು ಅಂತ ಒಪ್ಕೊಂಡ ಮೇಲೆ ಅದರ ಊಟ ಅದಕ್ಕೆ ಕೊಡಬೇಕು. ಆಗಲ್ಲ ಅಂದ್ರೆ ಸಾಕಲೇಬಾರದು."

ಮಾತು ಖಾರವಾಗಿತ್ತು, ಆದರೆ ನಿಜವಾಗಿತ್ತು. ಅಂಬುಜಾ ಮಗಳನ್ನು ಕರೆದು ಎದುರಿಗೆ ಕೂರಿಸಿಕೊಂಡಳು. ಹೇಳುವುದು ಸುಲಭವಾಗಿರಲಿಲ್ಲ.

"ನಿನ್ನ ಕೈ ಏನೂ ಮಾಡಿಲ್ಲ ಮಗಳೇ. ವಿಷ ಹತ್ತಿದ ಜಿರಳೆ ತಿನ್ನಿಸಿದ್ದು ನಾನು. ಗೊತ್ತಿಲ್ಲದೆ ಮಾಡಿದೆ, ಆದ್ರೆ ಮಾಡಿದ್ದು ನಾನೇ."

ಚಿನ್ಮಯಿ ತಾಯಿಯ ಮುಖವನ್ನೇ ನೋಡಿದಳು. "ನಿಜಮಾವಾ? ನಿಜವಾಗ್ಲೂ?" ಎಂದಳು. ಅಂಬುಜಾ ತಲೆಯಾಡಿಸಿದಳು. ಹುಡುಗಿ ಪೆಟ್ಟಿಗೆಯೊಳಗೆ ಕೈ ಚಾಚಿದಳು. ಹಲ್ಲಿ ಮೂಸಿ ನೋಡಿ, ಯೋಚಿಸಿ, ನಿಧಾನಕ್ಕೆ ಅವಳ ಅಂಗೈ ಹತ್ತಿತು. ಅಂಬುಜಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಓದುಗ ಬಂಧುಗಳೇ, ನಿಮ್ಮ ಮನೆಯಲ್ಲೂ ಹಲ್ಲಿಯೋ ಹಕ್ಕಿಯೋ ಮೀನೋ ಇರಬಹುದು. ಚಾಕ್‌ಪೀಸ್, ಸ್ಪ್ರೇ, ಇಲಿಪಾಷಾಣ ತಾಗಿದ ಯಾವುದನ್ನೂ ಅವಕ್ಕೆ ತಿನ್ನಿಸಬೇಡಿ. ಅದರ ಜಾತಿಗೆ ಏನು ಊಟವೆಂದು ತರುವ ಮೊದಲೇ ಕೇಳಿ ತಿಳಿಯಿರಿ. ನಡುಕ, ಸೆಟೆತ ಕಂಡರೆ ಕಾಯದೆ ಪಶುವೈದ್ಯರಿಗೆ ತೋರಿಸಿ, ತಿಂದದ್ದೇನೆಂದು ಮುಚ್ಚಿಡದೆ ಹೇಳಿ. ಕಾರಣ ತಿಳಿಯದ ಸಾವಿಗೆ ಮನೆಮಂದಿ ಏನಾದರೊಂದು ಕಾರಣ ಕಟ್ಟುತ್ತಾರೆ. ಅದನ್ನು ಹೊರುವುದು ಮಾತ್ರ ಹೆಚ್ಚಾಗಿ ಮನೆಯ ಮಗುವೇ.