ಏಳು ದಿನದ ಮೊಟ್ಟೆ

ಮೇಡಮ್ಮು ಹದಿನಾಲ್ಕು ಮಂದಿ ಗಡ್ಡಮೀಸೆಯ ಗಂಡಸರ ಕೈಗೆ ಒಂದೊಂದು ಕೋಳಿಮೊಟ್ಟೆ ಕೊಟ್ಟು, "ಇದು ನಿಮ್ಮ ಮಗು. ಒಂದು ವಾರ ಜೋಪಾನ ಮಾಡಿ, ಇದೇ ಕೊನೆಯ ಪರೀಕ್ಷೆ. ದಿನಾ ಇದರ ಬಗ್ಗೆ ನಾಲ್ಕು ಸಾಲು ಬರೆದು ತನ್ನಿ" ಎಂದಾಗ, ಲೈಟಣ್ಣನಿಗೆ ನಗಬೇಕೋ ಎದ್ದು ಹೋಗಬೇಕೋ ತಿಳಿಯಲಿಲ್ಲ. ಎದ್ದು ಹೋಗುವಂತೆಯೂ ಇರಲಿಲ್ಲ. ಹೆಂಡತಿಯಿಂದ ಬೇರೆಯಾದ ಅಪ್ಪಂದಿರು ಎಂಟು ವಾರದ ಈ ತರಗತಿ ಮುಗಿಸಿ ಸರ್ಟಿಫಿಕೇಟು ತಂದರಷ್ಟೇ ಮಕ್ಕಳನ್ನು ಭಾನುವಾರ ಮನೆಗೆ ಕರೆದೊಯ್ಯಬಹುದೆಂದು ಕೋರ್ಟು ಹೇಳಿತ್ತು. ಅಲ್ಲಿಯವರೆಗೆ ಏಳು ವರ್ಷದ ಮಗಳು ಅವನಿಗೆ ಸಿಗುತ್ತಿದ್ದುದು ಬುಧವಾರ ಒಂದು ಗಂಟೆ. ಅದೂ ಒಂದು ಸರ್ಕಾರಿ ಕೋಣೆಯಲ್ಲಿ, ಕಾವಲಿಗೆ ಕೂತ ಹೆಂಗಸೊಬ್ಬಳ ಕಣ್ಣೆದುರು.

ಮೊಟ್ಟೆಯ ಬಗ್ಗೆ ಇವನಿಗೆ ಪಾಠವಂತೆ. ಮೊಟ್ಟೆ ಗೋದಾಮಿನ ಕತ್ತಲೆ ಕೋಣೆಯಲ್ಲಿ ದೀಪದ ಮುಂದೆ ಕೂತು ಹತ್ತೊಂಬತ್ತು ವರ್ಷ ಮೊಟ್ಟೆ ಆರಿಸಿದವನು ಅವನು. ಲೈಟಣ್ಣ ಎಂಬ ಹೆಸರು ಬಂದದ್ದೇ ಹಾಗೆ. ದೀಪಕ್ಕೆ ಹಿಡಿದರೆ ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಯ ಗುಳ್ಳೆ ಕಾಣುತ್ತದೆ. ಗುಳ್ಳೆ ದೊಡ್ಡದಾದಷ್ಟೂ ಮೊಟ್ಟೆ ಹಳೆಯದು. ಎರಡು ಮೊಟ್ಟೆಗಳನ್ನು ಮೆಲ್ಲಗೆ ತಾಕಿಸಿದರೆ ಸದ್ದಿನಲ್ಲೇ ಬಿರುಕು ಗೊತ್ತಾಗುತ್ತದೆ. ಮೇಡಮ್ಮಿಗೋ ಮೊಟ್ಟೆಯನ್ನು ಸರಿಯಾಗಿ ಹಿಡಿಯಲೂ ಬರುತ್ತಿರಲಿಲ್ಲ. ಯಾರೂ ಬದಲಾಯಿಸಬಾರದೆಂದು ಒಂದೊಂದಕ್ಕೂ ಹಸಿರು ಸ್ಟಿಕ್ಕರ್ ಬೇರೆ ಅಂಟಿಸಿದ್ದಳು. ಅದನ್ನು ಕಿತ್ತು ಇನ್ನೊಂದಕ್ಕೆ ಅಂಟಿಸಲು ಹಾಲುಗಲ್ಲದ ಕೂಸಿಗೂ ಅರೆಗಳಿಗೆ ಸಾಕು. ಇಷ್ಟು ಬುದ್ಧಿಗೆ ಅದೆಷ್ಟು ವರ್ಷ ಓದಿದ್ದಳೋ.

ಬುಧವಾರ ಮಗಳು ಮೊಟ್ಟೆ ನೋಡಿ ಬಿದ್ದು ಬಿದ್ದು ನಕ್ಕಳು.

"ಇದಕ್ಕೂ ನೀನೇ ಅಪ್ಪನಾ?"

"ಹೂಂ. ನಿನ್ನ ತಮ್ಮ. ನಿನ್ನಷ್ಟು ವಟವಟ ಅನ್ನಲ್ಲ."

"ಒಳ್ಳೇದಾ ಅಂತ ನಾನು ನೋಡ್ತೀನಿ, ಕೊಡು."

ಹಿಂದೊಮ್ಮೆ ಅವನೇ ಕಲಿಸಿದ ವಿದ್ಯೆ. ಆದರೆ ತಾಕಿಸಲು ಇನ್ನೊಂದು ಮೊಟ್ಟೆ ಇರಲಿಲ್ಲ. ಅವನು ಬೇಡವೆನ್ನುವಷ್ಟರಲ್ಲಿ ಮಗಳು ಅದನ್ನು ಮೇಜಿನ ಅಂಚಿಗೆ ತಾಕಿಸಿ ಕಿವಿಗೊಟ್ಟಳು. ಚಿಪ್ಪಿನ ಮೇಲೆ ಕೂದಲೆಳೆಯಷ್ಟು ಬಿರುಕು ಮೂಡಿತು. ಅವಳ ಮುಖ ಸಪ್ಪಗಾಯಿತು.

"ನಿನ್ನ ಫೇಲ್ ಮಾಡ್ತಾರಾ ಅಪ್ಪಾ? ಭಾನುವಾರ ಇಲ್ವಾ?"

"ಯಾಕಿಲ್ಲ? ಗೋದಾಮಲ್ಲಿ ಸಾವಿರಗಟ್ಟಲೆ ಬಿದ್ದಿವೆ. ಬೇರೆ ಇಟ್ರೆ ಆಯ್ತು" ಎಂದು ಅವನು ಪಿಸುಗುಟ್ಟಿದ. ಕಾವಲಿನ ಹೆಂಗಸು ಮೊಬೈಲು ನೋಡುತ್ತಿದ್ದಳು.

ಮರುದಿನವೇ ಬೇರೆ ಇಟ್ಟ. ಬಿರುಕಿನದು ಕಳಪೆ ಮಾಲಿನ ಬುಟ್ಟಿಗೆ ಹೋಯಿತು, ಸ್ಟಿಕ್ಕರು ಅವತ್ತಿನ ತಾಜಾ ಮೊಟ್ಟೆಗೆ ಬಂತು. ಮನಸ್ಸಿಗೆ ಒಂದಿಷ್ಟೂ ಚುಚ್ಚಲಿಲ್ಲ. ಬರೆಯಬೇಕಾದ ನಾಲ್ಕು ಸಾಲನ್ನು ಏಳು ದಿನಕ್ಕೂ ಒಂದೇ ಸಲ ಕೂತು ಗೀಚಿದ: ಮಗು ಮಲಗಿತ್ತು, ಮಗು ಎದ್ದಿತು, ಮಗುವಿಗೆ ಸೆಖೆ.

ವಾರ ಕಳೆದು, ಒಂದನ್ನು ಬಿಟ್ಟು ಎಲ್ಲ ಮೊಟ್ಟೆಗಳೂ ಮೇಜಿನ ಮೇಲೆ ಬಂದು ಕೂತವು. ಲೈಟಣ್ಣನಿಗೆ ದೀಪವೂ ಬೇಕಾಗಲಿಲ್ಲ. ಎಲ್ಲವೂ ನಿನ್ನೆ ಮೊನ್ನೆಯವು, ಒಂದಂತೂ ಬೇಯಿಸಿದ್ದು. ಕ್ಷೌರದಂಗಡಿಯವನು ಮೊಟ್ಟೆಗೆ ಜೋಗುಳ ಹಾಡಿದೆನೆಂದು ಕಣ್ಣೊರೆಸಿಕೊಂಡ. ಇನ್ಶೂರೆನ್ಸ್ ಏಜೆಂಟನು ಅದರಿಂದ ತಾಳ್ಮೆ ಕಲಿತನಂತೆ. ಮೇಡಮ್ಮು ಗದ್ಗದಿತಳಾಗಿ ತಲೆ ಆಡಿಸಿದಳು. ಎಂಥ ನಾಚಿಕೆಗೆಟ್ಟ ಗುಂಪು, ಇವರಿಗೆ ಮಕ್ಕಳು ಬೇರೆ ಕೇಡು ಎಂದು ಲೈಟಣ್ಣ ಒಳಗೊಳಗೇ ಉಗಿದ.

ಕೊನೆಗೆ ಎದ್ದವನು ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರು. ಎಂಟು ವಾರದಲ್ಲಿ ಎಂಟು ಮಾತಾಡದ ಪ್ರಾಣಿ. ಅವನ ಮೊಟ್ಟೆ ಒಡೆದಿತ್ತು. ಬಿರುಕಿನುದ್ದಕ್ಕೂ ತೆಳ್ಳನೆಯ ಕಾಗದದ ಪಟ್ಟಿಯನ್ನು ಒಂದು ಸುಕ್ಕೂ ಇಲ್ಲದಂತೆ ಅಂಟಿಸಿದ್ದ.

"ಎರಡನೇ ದಿನ ಒಡೀತು ಮೇಡಂ. ಅಂಟು ಹಾಕಿ ಇಟ್ಕೊಂಡೆ" ಎಂದ, ಅಷ್ಟೇ.

ಮೇಡಮ್ಮು ಪೆನ್ನು ಕಚ್ಚಿದಳು. ಆಮೇಲೆ ಲೈಟಣ್ಣನತ್ತ ತಿರುಗಿದಳು. "ನೀವು ಇದೇ ಕೆಲಸದವರಲ್ವಾ? ನೋಡಿ ಹೇಳಿ. ಇದನ್ನ ಜೋಪಾನ ಮಾಡಿದ್ದಾರೆ ಅನ್ಬಹುದಾ? ನೀವು ಹೂಂ ಅಂದ್ರೆ ಪಾಸ್ ಮಾಡ್ತೀನಿ."

ಲೈಟಣ್ಣ ಮೊಬೈಲಿನ ಟಾರ್ಚು ಹಾಕಿ ಮೊಟ್ಟೆ ಎತ್ತಿ ಹಿಡಿದ. ದಪ್ಪ ತುದಿಯಲ್ಲಿ ದೊಡ್ಡ ಗುಳ್ಳೆ. ಒಂದು ವಾರಕ್ಕೆ ಒಂದು ದಿನ ಕಮ್ಮಿಯಿಲ್ಲ. ಒಂದು ಹನಿಯೂ ಸೋರಿರಲಿಲ್ಲ. ಆ ಕೋಣೆಯಲ್ಲಿ ಯಾರಾದರೂ ನಿಜವಾಗಿ ಸಾಕಿದ ಮೊಟ್ಟೆ ಅದೊಂದೇ.

ಅದನ್ನೇ ಹೇಳಲು ಬಾಯಿ ತೆರೆದ. ಇದು ಏಳು ದಿನದ್ದು ಎಂದರೆ, ಹಾಗಾದರೆ ಉಳಿದವು ಎಷ್ಟು ದಿನದವು ಎಂದು ಮೇಡಮ್ಮು ಕೇಳುವಳು. ಟಾರ್ಚು ಅವನ ಕೈಯಲ್ಲೇ ಇತ್ತು, ಅವನ ಮೊಟ್ಟೆಯೂ ಮೇಜಿನ ಮೇಲೆಯೇ ಇತ್ತು. ಬೈಂಡರು ಅವನ ಮುಖವನ್ನೇ ನೋಡುತ್ತಿದ್ದ.

"ಬಿರುಕಿದೆ. ನಮ್ಮಲ್ಲಿ ಇದನ್ನ ತೆಗೆದು ಹಾಕ್ತೀವಿ" ಎಂದ ಲೈಟಣ್ಣ.

ಬೈಂಡರು ಮೊಟ್ಟೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದ. ಇನ್ನೂ ಎಂಟು ವಾರ ಅವನು ಮೊದಲಿಂದ ಬರಬೇಕು.

ಭಾನುವಾರ ಮಗಳು ಬಂದಳು. ಮನೆಯ ಎರಡೂ ಕೋಣೆ ಓಡಾಡಿ, ಮಂಚದ ಮೇಲೆ ಕುಣಿದು, ಅವನ ಹೆಗಲಿಗೆ ಜೋತುಬಿದ್ದಳು. ಇದಕ್ಕಾಗಿ ಇನ್ನೂ ನೂರು ಮೊಟ್ಟೆ ಬದಲಾಯಿಸಿಯೇನು ಎಂದುಕೊಂಡ ಅವನು.

"ಎಲ್ರೂ ಪಾಸಾದ್ರಾ ಅಪ್ಪಾ?"

"ಒಬ್ಬರು ಆಗ್ಲಿಲ್ಲ."

"ಯಾಕೆ?"

"ಅವರದು ಒಡೆದಿತ್ತು."

ಮಗಳು ಹೆಗಲಿನಿಂದ ಇಳಿದು ಎದುರಿಗೆ ಬಂದು ನಿಂತಳು.

"ನಮ್ದೂ ಒಡೆದಿತ್ತಲ್ಲ. ಬೇರೆ ಇಡಬಹುದು ಅಂತ ಅವರಿಗೆ ನೀನು ಹೇಳಿಕೊಡ್ಲಿಲ್ವಾ?"

ಮೇಡಮ್ಮನ್ನೂ ಏಜೆಂಟನನ್ನೂ ಕ್ಷೌರದವನನ್ನೂ ಅವನು ವಾರಗಟ್ಟಲೆ ಬೈದಿದ್ದ. ಆ ಬೈಗುಳಗಳಲ್ಲಿ ಒಂದೂ ಈಗ ಅವರಿಗೆ ಸಲ್ಲುವಂತೆ ಕಾಣಲಿಲ್ಲ.

"ಇಲ್ಲ" ಎಂದ.